ಉಪ್ಪಿನ ಲೆಕ್ಕ

ಹೆಸರು ಬರೆಯುವುದಿಲ್ಲ ನಾನು, ನಂಬರು ಬರೆಯುತ್ತೇನೆ.
೪೭-೧೮: ಚಹಾ ಎರಡು, ಕುರಿಮಾಂಸದ ಕಡುಬು ಆರು.
೦೯-೩೩: ಬಿಸಿನೀರು ಒಂದು ಫ್ಲಾಸ್ಕು.
ಸತ್ತ ಬ್ಯಾಟರಿಗೆ ಜೀವ ಕೊಟ್ಟದ್ದಕ್ಕೆ
ಏನೂ ಬರೆದಿಲ್ಲ.

ಚೀನಾದ ಗೇಟಿಗೆ ಇನ್ನೂ ಮೂವತ್ತೆಂಟು ಕಿಲೋಮೀಟರು ಇರುವಲ್ಲಿ
ನನ್ನ ವ್ಯಾನಿನ ಹಿಂಬಾಗಿಲೇ ಅಂಗಡಿ.
ಸುತ್ತ ಗೋಬಿ. ಮರಳು ಕಡಿಮೆ, ಜಲ್ಲಿ ಜಾಸ್ತಿ,
ಎಲ್ಲಕ್ಕಿಂತ ಜಾಸ್ತಿ ಕಲ್ಲಿದ್ದಲ ಪುಡಿ.
ಹೋದ ವರ್ಷ ನನ್ನ ಕೊನೆಯ ಕುರಿ ಕೊಯ್ದಾಗ
ಅದರ ಪುಪ್ಪುಸ ಕೈಯಲ್ಲಿ ಹಿಡಿದು ನೋಡಿದೆ:
ಒಲೆ ಒರೆಸಿದ ಬಟ್ಟೆ ಹಾಗಿತ್ತು.

ಕಾಲಿಗೆ ಚಕ್ರ ಕಟ್ಟಿಕೊಂಡವರು ಅನ್ನುತ್ತಾರೆ ಇವರನ್ನು.
ಇಪ್ಪತ್ತೆರಡು ಚಕ್ರ ಕಟ್ಟಿಕೊಂಡು
ಒಂಬತ್ತು ದಿನದಿಂದ ಇದ್ದಲ್ಲೇ ಇದ್ದಾರೆ.
ಸಂಬಳ ಟ್ರಿಪ್ಪಿನ ಲೆಕ್ಕ;
ನಿಂತದ್ದಕ್ಕೆ ಯಾವ ಸಾಹುಕಾರ ಕೊಡುತ್ತಾನೆ?
ಎಂಜಿನ್ ಆರಿಸಿದರೆ ಮೈನಸ್ ಮೂವತ್ತರಲ್ಲಿ ಡೀಸೆಲ್ ಗಡ್ಡೆ,
ಆರಿಸದಿದ್ದರೆ ಅದೇ ಡೀಸೆಲ್
ಮಕ್ಕಳ ಅನ್ನವನ್ನು ಉಂಡು
ಹೊಗೆ ಬಿಡುತ್ತ ಕೂತಿರುತ್ತದೆ.

ಮಲಗುವ ಹಾಗಿಲ್ಲ. ಯಾವಾಗಲೋ, ನಡುರಾತ್ರಿ ಮೂರಕ್ಕೋ,
ಸಾಲು ನಾಲ್ಕು ಲಾರಿಯುದ್ದ ಸರಿಯುತ್ತದೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರದವನ ಮುಂದೆ
ಹಿಂದಿನವನು ನುಗ್ಗುತ್ತಾನೆ,
ಆಮೇಲೆ ಜಾಕಿನ ರಾಡು, ಆಮೇಲೆ ರಕ್ತ,
ಆಮೇಲೆ ಇಬ್ಬರೂ ನನ್ನ ಹತ್ತಿರ ಚಹಾಕ್ಕೆ.

ತ್ಸೆರ್ಮಾ ಮಾತ್ರ ಯಾರ ಜೊತೆಗೂ ಜಗಳವಾಡುವುದಿಲ್ಲ.
ಸಂಜೆ ಏಳಕ್ಕೆ ತನ್ನ ಲಾರಿಯ ಕಲ್ಲಿದ್ದಲ ರಾಶಿ ಹತ್ತುತ್ತಾಳೆ,
ನೆಟ್‌ವರ್ಕು ಅಲ್ಲಿ ಮಾತ್ರ ಸಿಗುತ್ತದೆ.
ಮೊಣಕಾಲವರೆಗೆ ಹೂತುಕೊಂಡು ನಿಂತು
ಮಗಳಿಗೆ ಏಳರ ಮಗ್ಗಿ ಹೇಳಿಕೊಡುತ್ತಾಳೆ.
ಏಳೇಳ್ಲಿ? ಜೋರಾಗಿ ಹೇಳು, ಗಾಳಿ ಇದೆ ಇಲ್ಲಿ!
ಸಾಲಿನ ಗಂಡಸರೆಲ್ಲ ಮೆಲ್ಲಗೆ
ನಲವತ್ತೊಂಬತ್ತು ಅಂದುಕೊಳ್ಳುತ್ತಾರೆ.

೬೧-೦೫ ಚುಲೂನನದು.
ಚಳಿ ಅಂತ ಕಿಟಕಿ ಪೂರ್ತಿ ಏರಿಸಿ ಮಲಗಿದ.
ಸಾಲು ಸರಿಯಿತು. ಹಿಂದಿನವರು ಹಾರ್ನ್ ಹೊಡೆದರು,
ಬೈದರು, ಬಾಗಿಲಿಗೆ ಒದ್ದರು.
ಒಳಗೆ ಹೀಟರು ಇನ್ನೂ ಬೆಚ್ಚಗೆ ಉಸಿರಾಡುತ್ತಿತ್ತು.

ನನ್ನ ಪುಸ್ತಕದಲ್ಲಿ ಅವನದು ನಾಲ್ಕು ಚಹಾ ಬಾಕಿ.
ಹೊಡೆದು ಹಾಕೋಣವೆಂದರೆ ಪೆನ್ನು ಹೆಪ್ಪುಗಟ್ಟಿತ್ತು,
ಕರಗಿದ ಮೇಲೆ ಮನಸ್ಸು ಬರಲಿಲ್ಲ.
ಹದಿನೇಳನೇ ದಿನಕ್ಕೆ ಅದೇ ೬೧-೦೫ ಬಂತು.
ಒಳಗಿದ್ದವನು ತಮ್ಮ, ಮೀಸೆ ಸರಿಯಾಗಿ ಬಂದಿಲ್ಲ.
ಲಾರಿಯ ಸಾಲ ಸತ್ತಿಲ್ಲವಲ್ಲ, ಅಕ್ಕಾ, ಅಂದ.
ಅಣ್ಣನದು ಏನಾದರೂ ಇದೆಯಾ?
ಇಲ್ಲ ಅಂದೆ.
ನಮ್ಮ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಉಪ್ಪು ಹಾಕುತ್ತೇವೆ.
ಉಪ್ಪಿನ ಋಣ ಯಾರು ಯಾರಿಗೆ ಎಂದು
ಆ ಚಳಿಯಲ್ಲಿ ನಿಂತು ಬಿಡಿಸಿ ಹೇಳಲೇ?

ಈಗ ಪಕ್ಕದಲ್ಲಿ ಹೊಸ ದಾರಿ, ಬೇಲಿಯೊಳಗೆ.
ಅಲ್ಲಿ ಓಡುವ ಗಾಡಿಗಳಿಗೆ ತಲೆಯಿಲ್ಲ,
ಬರೀ ಬೆನ್ನು; ಬೆನ್ನ ಮೇಲೆ ಕಲ್ಲಿದ್ದಲು.
ಹಗಲಿಲ್ಲ ರಾತ್ರಿಯಿಲ್ಲ, ನಿದ್ದೆ ಮೊದಲೇ ಇಲ್ಲ.
ಉಚ್ಚೆಗೂ ನಿಲ್ಲಬೇಕಿಲ್ಲ ಪುಣ್ಯಾತ್ಮಕ್ಕೆ!
ಎಂದು ತ್ಸೆರ್ಮಾ ನಕ್ಕಳು,
ಚಕ್ರದ ಮರೆಗೆ ಹೋಗಿ ಬರುವಾಗಲೆಲ್ಲ
ನಾಯಿಗೂ ಗಂಡಸರಿಗೂ ಕಾವಲಿಟ್ಟು ಕೂರುವವಳು.
ನಕ್ಕವಳು ಲೋಟ ಹಿಡಿದು ಬಹಳ ಹೊತ್ತು ಬೇಲಿ ನೋಡಿದಳು.

ಒಂದು ರಾತ್ರಿ ಗಿರಾಕಿ ಇರಲಿಲ್ಲ.
ಆ ತಲೆಯಿಲ್ಲದ್ದೊಂದರ ನಂಬರು ಓದಿ
ಹೊಸ ಪುಟದಲ್ಲಿ ಬರೆದೆ.
ಮುಂದೆ ಏನು ಬರೆಯುವುದು?
ಚಹಾ ಇಲ್ಲ, ಕಡುಬಿಲ್ಲ, ಬಾಕಿಯಿಲ್ಲ.
ಇಷ್ಟು ಶುದ್ಧವಾದ ಲೆಕ್ಕ ನಾನು ಕಂಡಿರಲಿಲ್ಲ.
ಹೆದರಿಕೆಯಾಯಿತು.

ಅಷ್ಟರಲ್ಲಿ ಹಾರ್ನು! ಸಾಲು ಸರಿಯುತ್ತಿದೆ!
ಓಡಿದರು ಎಲ್ಲರೂ, ಬಾಯಲ್ಲಿ ಅರ್ಧ ಕಡುಬು,
ಚೆಲ್ಲಿದ ಚಹಾ ನೆಲ ಮುಟ್ಟುವ ಮೊದಲೇ ಗಾಜು.
ಚುಲೂನನ ತಮ್ಮ ನನ್ನ ಲೋಟ ಹಿಡಿದುಕೊಂಡೇ
ಗಾಡಿ ಹತ್ತಿದ.

೬೧-೦೫: ಲೋಟ ಒಂದು.
ಬರೆದುಕೊಂಡೆ.